ರಾತ್ರಿ ಶಾಲೆಗೆ ಹೋದ ಹೋಟೆಲ್ ಹುಡುಗರು

ಮುಂಬಯಿಯಲ್ಲಿ ನೆಲೆ ನಿಂತ ನಮ್ಮ ಹಿರಿಯರನ್ನು "ನೀವು ಓದಿದ್ದು ಎಲ್ಲಿ?" ಎಂದು ಕೇಳಿ ನೋಡಿ. "ನೈಟ್ ಸ್ಕೂಲಿನಲ್ಲಿ" ಎಂಬ ಉತ್ತರ ಬರುವ ಸಾಧ್ಯತೆ ಬಹಳ. ಬ್ಯಾಂಕಿನ ಅಧಿಕಾರಿ, ವಕೀಲ, ಹೋಟೆಲ್ ಮಾಲೀಕ, ಸಾಹಿತಿ - ಎಷ್ಟೋ ಜನರ ಹಿನ್ನೆಲೆಯಲ್ಲಿ ಒಂದು ರಾತ್ರಿ ಶಾಲೆ ಇದೆ.

ಕೂಲಿಕಾರರಿಗಾಗಿ ಸಂಜೆ ಪಾಠ ಹೇಳುವ ಕ್ರಮ ಈ ಸೀಮೆಗೆ ಹೊಸದಲ್ಲ. ಜ್ಯೋತಿಬಾ ಫುಲೆ 1855ರಲ್ಲೇ ಪುಣೆಯಲ್ಲಿ ದುಡಿಯುವವರಿಗೆ ರಾತ್ರಿ ಶಾಲೆ ತೆರೆದಿದ್ದರು. ಮುಂಬಯಿಯಲ್ಲಿ ಎನ್.ಎಂ. ಜೋಶಿಯವರು 1911ರಲ್ಲಿ ಕಟ್ಟಿದ ಸೋಶಿಯಲ್ ಸರ್ವಿಸ್ ಲೀಗ್ ಗಿರಣಿ ಕಾರ್ಮಿಕರಿಗಾಗಿ ಅದೇ ಕೆಲಸ ಮಾಡಿತು. ಆದರೆ ಕುಂದಾಪುರದಿಂದಲೋ ಕಾಪುವಿನಿಂದಲೋ ಬಂದ ಹುಡುಗನಿಗೆ ಮರಾಠಿ ಪಾಠ ತಲೆಗೆ ಹತ್ತಬೇಕಲ್ಲ! ಅವನಿಗೆ ಬರುತ್ತಿದ್ದದ್ದು ತುಳು ಅಥವಾ ಕನ್ನಡ. 1956ರವರೆಗೆ ಧಾರವಾಡ, ಬೆಳಗಾವಿ, ಕಾರವಾರಗಳು ಮುಂಬಯಿ ಆಡಳಿತಕ್ಕೆ ಸೇರಿದ್ದವು, ನಿಜ. ದಕ್ಷಿಣ ಕನ್ನಡ ಮಾತ್ರ ಮದರಾಸಿನದು. ಹಾಗಾಗಿ ಹೋಟೆಲಿನ ಹುಡುಗ ಇಲ್ಲಿ ಎರಡು ಬಗೆಯಲ್ಲಿ ಪರಕೀಯ.

ಈ ಕೊರತೆಯನ್ನು ತುಂಬಿದವರು ಊರಿನವರೇ, ಅದೂ ಜಾತಿ ಸಂಘಗಳು. ಕರಾವಳಿಯ ಮೀನುಗಾರ ಸಮಾಜದವರು 1902ರಲ್ಲಿ ಕಟ್ಟಿಕೊಂಡ ಮೊಗವೀರ ವ್ಯವಸ್ಥಾಪಕ ಮಂಡಳಿ ಮೊಗವೀರ ಫ್ರೀ ನೈಟ್ ಹೈಸ್ಕೂಲನ್ನು ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಫೋರ್ಟಿನಲ್ಲಿ ಕನ್ನಡ ಭವನದ ಶಾಲೆಯಿತ್ತು. ಹೆಸರಿನಲ್ಲಿ ಜಾತಿಯಿದ್ದರೂ ಬೆಂಚಿನಲ್ಲಿ ಎಲ್ಲರೂ ಕೂರುತ್ತಿದ್ದರು. "ಫ್ರೀ" ಎಂಬ ಪದ ಆ ಹೆಸರುಗಳಲ್ಲಿ ಸುಮ್ಮನೆ ಬಂದದ್ದಲ್ಲ. ಸಂಬಳದ ಬಹುಪಾಲನ್ನು ಮನಿಯಾರ್ಡರ್ ಮಾಡುವ ಹುಡುಗನ ಬಳಿ ಫೀಸಿಗೆ ಎಲ್ಲಿಂದ ಬರಬೇಕು?

ಫೀಸಿಗಿಂತ ದೊಡ್ಡ ತೊಡಕು ಹೊತ್ತಿನದು. ಸಂಜೆ ಆರರ ನಂತರವೇ ಹೋಟೆಲಿನಲ್ಲಿ ಗಿರಾಕಿಗಳ ನೂಕುನುಗ್ಗಲು. ಶಾಲೆಯ ಗಂಟೆಯೂ ಆಗಲೇ ಬಾರಿಸುತ್ತದೆ. ಆದ್ದರಿಂದ ವಿದ್ಯಾರ್ಥಿಗಳನ್ನು ಸೇರಿಸಬೇಕೆಂದರೆ ಮೊದಲು ಒಲಿಸಬೇಕಾದದ್ದು ಹುಡುಗನನ್ನಲ್ಲ, ಗಲ್ಲದ ಮೇಲೆ ಕುಳಿತ ಧಣಿಯನ್ನು. ಧಣಿಯೂ ಊರಿನವನೇ, ಅದೇ ಸಂಘದ ಸದಸ್ಯನೇ ಆಗಿದ್ದರೆ ಮಾತು ಸುಲಭ. ಜಾತಿ ಸಂಘದ ಬಗ್ಗೆ ನನಗೆ ಅಂಥ ಅಭಿಮಾನವೇನಿಲ್ಲ. ಆದರೂ ಈ ಒಂದು ಕೆಲಸವನ್ನು ಸರಕಾರಿ ಕಚೇರಿಯಿಂದ ಮಾಡಿಸುವುದು ಸಾಧ್ಯವಿರಲಿಲ್ಲ ಎಂದೇ ನನ್ನ ಅನಿಸಿಕೆ. ಮಾಸ್ತರರೂ ಹಗಲಿಡೀ ಬೇರೆಡೆ ದುಡಿದು ಬಂದವರೇ. ತೂಕಡಿಸುವ ಹುಡುಗರಿಗೆ ದಣಿದ ಮಾಸ್ತರರು ಪಾಠ ಹೇಳುತ್ತಿದ್ದ ಶಾಲೆಗಳಿವು. ಮೆಟ್ರಿಕ್ ಪಾಸಾದವರಿಗೆ ಮುಂದಿನ ದಾರಿಯೂ ಈ ನಗರದಲ್ಲಿ ತೆರೆದಿತ್ತು. ಡಾ. ಅಂಬೇಡ್ಕರ್ 1946ರಲ್ಲಿ ಆರಂಭಿಸಿದ ಸಿದ್ಧಾರ್ಥ ಕಾಲೇಜಿನಲ್ಲಿ ನೌಕರಿಯಲ್ಲಿದ್ದವರಿಗೆ ಅನುಕೂಲವಾಗಲೆಂದೇ ಬೆಳಗಿನ ತರಗತಿಗಳಿದ್ದವು.

ಈ ಶಾಲೆಗಳ ಬೆಂಚು ಬರಿದಾದದ್ದೇಕೆ? 1982ರ ಮುಷ್ಕರದ ನಂತರ ಗಿರಣಿಗಳು ಮುಚ್ಚುತ್ತಾ ಬಂದವು. ಉಡುಪಿ ಕಡೆಯ ಹಳ್ಳಿಗಳಲ್ಲೇ ಹೈಸ್ಕೂಲು ಬಂತು, ಹುಡುಗರು ಓದು ಮುಗಿಸಿಯೇ ಮುಂಬಯಿಗೆ ಹೊರಟರು. 2006ರ ಅಕ್ಟೋಬರ್ 10ರಿಂದ 14 ವರ್ಷದೊಳಗಿನವರನ್ನು ಹೋಟೆಲಿನಲ್ಲಿ ದುಡಿಸುವುದು ಕಾನೂನಿನಂತೆ ನಿಷಿದ್ಧವಾಯಿತು. ಹೀಗೆ ಬೆಂಚು ಖಾಲಿಯಾಗಿದ್ದರೆ ಅದಕ್ಕೆ ದುಃಖಪಡಬೇಕಾಗಿಲ್ಲ. ಆದರೆ ಇಂಗ್ಲಿಷ್ ಮಾಧ್ಯಮದ ಮೋಹದಲ್ಲಿ ಹಗಲಿನ ಕನ್ನಡ ಶಾಲೆಗಳೂ ಸೊರಗಿದವು, ಅದು ಬೇರೆ ಕಥೆ. ರಾತ್ರಿ ಶಾಲೆಗಳಿಗೆ ಇನ್ನೊಂದು ಪೆಟ್ಟು 2017ರಲ್ಲಿ ಬಿತ್ತು. ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲೂ ಕಲಿಸಬಾರದೆಂದು ಮಹಾರಾಷ್ಟ್ರ ಸರಕಾರ ಆದೇಶಿಸಿತು. ಎಲ್ಲ ಭಾಷೆಯ ರಾತ್ರಿ ಶಾಲೆಗಳೂ ಅನುಭವಿ ಮಾಸ್ತರರನ್ನು ಕಳೆದುಕೊಂಡವು.

ವಯಸ್ಸು ಮೀರಿದ ಮೇಲೆ ಪುಸ್ತಕ ಹಿಡಿಯುವ ಹಟ ಮಾತ್ರ ನಮ್ಮವರನ್ನು ಬಿಟ್ಟಿಲ್ಲ. ಕಲೀನಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಗೃಹಿಣಿಯರು, ನಿವೃತ್ತರು, ನೌಕರಿಯಲ್ಲಿರುವವರು ಎಂ.ಎ. ಓದಿದ್ದಾರೆ, ಪಿಎಚ್.ಡಿ.ಯನ್ನೂ ಪಡೆದಿದ್ದಾರೆ. ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರು ನಿಮ್ಮ ಮನೆಯಲ್ಲಿ ಇದ್ದರೆ ಅವರ ಮಾಸ್ತರರ ಹೆಸರು, ಧಣಿಯ ಹೆಸರು, ಶಾಲೆ ಇದ್ದ ಗಲ್ಲಿ ಯಾವುದೆಂದು ಕೇಳಿ, ಬರೆದಿಟ್ಟುಕೊಳ್ಳಿ. ಸಂಘಗಳ ಹಳೆಯ ವರದಿಗಳಲ್ಲಿ ಪದಾಧಿಕಾರಿಗಳ ಹೆಸರು ಸಿಗುತ್ತದೆ, ಹುಡುಗರದ್ದು ಸಿಗುವುದಿಲ್ಲ.