ಬಾವುಟ ಹೊಲಿದವರು ಕಲಿಸಿದ ಟೆಂಡರ್ ಪಾಠ

ಜಕ್ಕಲಿ ಅಂದರೆ ಅಂದಾನಪ್ಪ ದೊಡ್ಡಮೇಟಿಯವರ ಊರು. ಕರ್ನಾಟಕ ಒಂದಾಗಬೇಕೆಂದು ಮುಂಬಯಿ ವಿಧಾನಸಭೆಯ ಸದಸ್ಯತ್ವ ಬಿಟ್ಟು ಉಪವಾಸ ಕೂತವರು ಅವರು. ಆ ಕತೆಯನ್ನು ನಾವು ಪ್ರತಿ ನವೆಂಬರ್‌ನಲ್ಲಿ ಹೇಳುತ್ತೇವೆ. ಅದರ ಬೆನ್ನಿಗೇ ಹುಟ್ಟಿದ ಇನ್ನೊಂದು ಕತೆ ಅಷ್ಟಾಗಿ ಯಾರ ಬಾಯಲ್ಲೂ ಇಲ್ಲ. ಅದು ನಮ್ಮ ಭಾಗದ ನೂಲುವವರು, ನೇಯುವವರು, ಹೊಲಿಯುವವರು ಸೇರಿ ಇಡೀ ದೇಶದ ಸರ್ಕಾರಿ ಕಚೇರಿಗಳಿಗೆ ರಾಷ್ಟ್ರಧ್ವಜ ಮಾರಿದ ಕತೆ.

ಸರ್ಕಾರಿ ಟೆಂಡರ್ ಅಂದರೆ ದೊಡ್ಡ ಗುತ್ತಿಗೆದಾರರ ಪಾಲು, ನಮ್ಮಂಥವರಿಗೆ ಅಲ್ಲ ಅನ್ನುವ ಮಾತು ಊರ ಕಟ್ಟೆಯ ಮೇಲೆ ಯಾವಾಗಲೂ ಕೇಳುತ್ತದೆ. ಆ ಮಾತು ಎಷ್ಟು ನಿಜ, ಎಷ್ಟು ಸುಳ್ಳು ಅನ್ನುವುದು ಹುಬ್ಬಳ್ಳಿಯ ಬೆಂಗೇರಿಯ ಇತಿಹಾಸ ನೋಡಿದರೆ ಗೊತ್ತಾಗುತ್ತದೆ.

ಒಂಟಿಯಾಗಿ ಹೋಗಲಿಲ್ಲ

ಸ್ವಾತಂತ್ರ್ಯ ಬಂದ ಮೇಲೆ ಖಾದಿಗೆ ಗೌರವವಿತ್ತು, ಮಾರುಕಟ್ಟೆ ಇರಲಿಲ್ಲ. ಗಿರಣಿ ಬಟ್ಟೆ ಅಗ್ಗ. ಒಂದು ಊರಿನ ಸಣ್ಣ ಖಾದಿ ಸಂಘ ಸರ್ಕಾರದ ದೊಡ್ಡ ಆರ್ಡರ್ ಹಿಡಿಯುವುದು ಕನಸಿನ ಮಾತಾಗಿತ್ತು. 1957ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೆಲಸ ಆರಂಭಿಸಿತು. ಅದೇ ವರ್ಷ ನವೆಂಬರ್ 1ರಂದು, ಏಕೀಕರಣವಾಗಿ ಸರಿಯಾಗಿ ಒಂದು ವರ್ಷಕ್ಕೆ, ಹುಬ್ಬಳ್ಳಿಯಲ್ಲಿ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಹುಟ್ಟಿತು. ವೆಂಕಟೇಶ ಮಾಗಡಿ ಮೊದಲಾದ ಗಾಂಧಿವಾದಿಗಳು ಇದನ್ನು ಕಟ್ಟಿದರು.

ಹೆಸರಿನಲ್ಲಿರುವ 'ಸಂಯುಕ್ತ' ಅನ್ನುವ ಪದದಲ್ಲೇ ಗುಟ್ಟಿದೆ. ರಾಜ್ಯದ ಸುಮಾರು 58 ಸಂಸ್ಥೆಗಳು ಇದರ ಅಡಿಯಲ್ಲಿ ಬಂದವು. ಒಂದು ಸಂಘದ ಕೈಯಲ್ಲಿ ಆಗದ ಮಾಲು ಹತ್ತು ಸಂಘ ಸೇರಿದರೆ ಆಗುತ್ತದೆ. ಬಾವುಟದ ಬಟ್ಟೆ ಧಾರವಾಡ ತಾಲ್ಲೂಕಿನ ಗರಗದಲ್ಲಿ, ಬಾಗಲಕೋಟೆ ಕಡೆಯ ಹಳ್ಳಿಗಳ ಮಗ್ಗಗಳಲ್ಲಿ ತಯಾರಾಯಿತು. ಬಣ್ಣ ಹಾಕುವುದು, ಚಕ್ರ ಅಚ್ಚು ಹಾಕುವುದು, ಹೊಲಿಯುವುದು ಬೆಂಗೇರಿಯಲ್ಲಿ. ಈ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು.

ಕಾಗದ ಪಕ್ಕಾ ಮಾಡಿಕೊಂಡರು

ಸ್ವತಂತ್ರ ಭಾರತ ವಸ್ತುಗಳ ಗುಣಮಟ್ಟಕ್ಕೆ ನಿಯಮ ಬರೆಯಲು ಕೂತಾಗ ಮೊಟ್ಟಮೊದಲು ಬರೆದದ್ದು ರಾಷ್ಟ್ರಧ್ವಜಕ್ಕೆ. 1951ರ ಆ ನಿಯಮದ ಸಂಖ್ಯೆಯೇ ಐಎಸ್ 1. ಬಾವುಟದ ಉದ್ದ ಅಗಲ 3:2 ಇರಬೇಕು. ಅಳತೆಗಳು ಒಂಬತ್ತು. ಎಲ್ಲಕ್ಕಿಂತ ದೊಡ್ಡದು 6300 ಮಿಲಿಮೀಟರ್ ಉದ್ದ, 4200 ಅಗಲ. ಚಿಕ್ಕದು 150 ಉದ್ದ, 100 ಅಗಲ. ನೂಲಿನ ದಪ್ಪ, ನೇಯ್ಗೆಯ ಬಿಗಿ, ಬಣ್ಣ ಬಿಸಿಲಿಗೆ ನೀರಿಗೆ ತಡೆಯುವ ಶಕ್ತಿ, ಚಕ್ರದ 24 ಗೆರೆ ಎರಡೂ ಬದಿಗೆ ಸರಿಯಾಗಿ ಕೂರುವುದು, ಎಲ್ಲಕ್ಕೂ ಲೆಕ್ಕವಿದೆ. ತಪ್ಪಿದರೆ ಮಾಲು ವಾಪಸ್.

ಈ ಶತಮಾನದ ಮೊದಲ ದಶಕದಲ್ಲಿ ಬೆಂಗೇರಿ ಘಟಕ ಭಾರತೀಯ ಮಾನಕ ಬ್ಯೂರೋ, ಅಂದರೆ ಬಿಐಎಸ್ ಪರವಾನಗಿ ಪಡೆಯಿತು. ಆ ಪರವಾನಗಿ ಇರುವ ದೇಶದ ಏಕೈಕ ಘಟಕ ಎಂದು ವರ್ಷಗಟ್ಟಲೆ ಹೆಸರಾಯಿತು. ಸರ್ಕಾರಿ ಕಟ್ಟಡಗಳ ಮೇಲೆ ಹಾರುವ ಬಾವುಟ ಈ ಗುಣಮಟ್ಟದ್ದೇ ಆಗಿರಬೇಕಿತ್ತು. ಹೀಗಾಗಿ ಗಿರಾಕಿಯೇ ಹುಬ್ಬಳ್ಳಿಯನ್ನು ಹುಡುಕಿಕೊಂಡು ಬಂದ. ಯಾರ ಶಿಫಾರಸೂ ಮಾಡದ ಕೆಲಸವನ್ನು ಒಂದು ಪ್ರಮಾಣಪತ್ರ ಮಾಡಿತು.

ಕಾನೂನು ಬದಲಾದ ದಿನ

ಇಲ್ಲಿಗೆ ಕತೆ ಮುಗಿದಿದ್ದರೆ ಚೆನ್ನಾಗಿತ್ತು. 2002ರ ಧ್ವಜ ಸಂಹಿತೆಯ ಪ್ರಕಾರ ಬಾವುಟ ಕೈಯಲ್ಲಿ ನೂತ, ಕೈಯಲ್ಲಿ ನೇಯ್ದ ಬಟ್ಟೆಯದೇ ಆಗಬೇಕಿತ್ತು. 2021ರ ಡಿಸೆಂಬರ್ 30ರಂದು ಕೇಂದ್ರ ಸರ್ಕಾರ ಅದನ್ನು ತಿದ್ದಿತು. ಯಂತ್ರದಲ್ಲಿ ಮಾಡಿದ ಬಾವುಟಕ್ಕೂ ಪಾಲಿಯೆಸ್ಟರ್ ಬಟ್ಟೆಗೂ ಒಪ್ಪಿಗೆ ಸಿಕ್ಕಿತು. 2022ರ ಆಗಸ್ಟ್‌ನಲ್ಲಿ 'ಹರ್ ಘರ್ ತಿರಂಗಾ' ಬಂತು. ಮನೆಮನೆಗೂ ಬಾವುಟ ಬೇಕು, ಅದೂ ಕಡಿಮೆ ಬೆಲೆಗೆ, ಕೆಲವೇ ವಾರಗಳಲ್ಲಿ. ದೇಶ ಅತಿ ಹೆಚ್ಚು ಬಾವುಟ ಕೊಂಡ ಆ ಹಂಗಾಮಿನಲ್ಲೇ ಬಾವುಟ ಹೊಲಿಯುವುದನ್ನೇ ಬದುಕು ಮಾಡಿಕೊಂಡವರು ಬೀದಿಗಿಳಿದು ಪ್ರತಿಭಟಿಸಬೇಕಾಯಿತು.

ಸರ್ಕಾರದ ವಾದಕ್ಕೂ ಅರ್ಥವಿಲ್ಲದಿಲ್ಲ. ಅಷ್ಟು ಬಾವುಟ ಅಷ್ಟು ಬೇಗ ಕೈಮಗ್ಗದಿಂದ ಬರುತ್ತಿರಲಿಲ್ಲ, ಬಡವರ ಮನೆಗೂ ಬಾವುಟ ಎಟುಕಬೇಕು. ಆದರೆ ಒಂದೇ ಮಾಲು, ಒಂದೇ ಗಿರಾಕಿ, ಒಂದೇ ನಿಯಮದ ಮೇಲೆ ನಿಂತ ಕೆಲಸ ಎಷ್ಟು ಸೂಕ್ಷ್ಮ ಅನ್ನುವುದನ್ನು ಬೆಂಗೇರಿ ತೋರಿಸಿಕೊಟ್ಟಿತು. ಸಂಘ ಕಟ್ಟಿದ್ದು ಸರಿ, ಪರವಾನಗಿ ಪಡೆದದ್ದು ಸರಿ. ಕಾನೂನಿನ ಒಂದು ಸಾಲು ಮಾತ್ರ ಅವರ ಕೈಯಲ್ಲಿ ಇರಲಿಲ್ಲ.

ಇವತ್ತಿನ ಬಾಗಿಲುಗಳು

ಹಾಗಾದರೆ ಜಕ್ಕಲಿಯಲ್ಲಿ ಹಪ್ಪಳ, ರೊಟ್ಟಿ ಮಾಡುವ ಸ್ತ್ರೀಶಕ್ತಿ ಸಂಘಕ್ಕೆ, ಬೆಂಚು ಕುರ್ಚಿ ಮಾಡುವ ಬಡಿಗೇರಗೆ, ಗಜೇಂದ್ರಗಡದ ನೇಕಾರರಿಗೆ ಇವತ್ತು ದಾರಿ ಯಾವುದು?

ಮೊದಲು ಉದ್ಯಮ್ ನೋಂದಣಿ. 2020ರ ಜುಲೈ 1ರಿಂದ ಇದು ಆನ್‌ಲೈನ್‌ನಲ್ಲಿ ನಡೆಯುತ್ತಿದೆ, ಪೂರ್ತಿ ಉಚಿತ. ಯಾರಾದರೂ ಸರ್ಕಾರಿ ಶುಲ್ಕ ಅಂತ ದುಡ್ಡು ಕೇಳಿದರೆ ಕೊಡಬೇಡಿ.

ಕೇಂದ್ರದ ಇಲಾಖೆಗಳು, ಸಾರ್ವಜನಿಕ ಉದ್ದಿಮೆಗಳು ತಮ್ಮ ವರ್ಷದ ಖರೀದಿಯಲ್ಲಿ ಒಂದು ಪಾಲನ್ನು ಸಣ್ಣವರಿಂದಲೇ ಕೊಳ್ಳಬೇಕೆಂಬ ನೀತಿ 2012ರಲ್ಲಿ ಬಂತು. ಆಗ ಶೇ 20 ಇದ್ದದ್ದು ಈಗ ಶೇ 25. ಅದರೊಳಗೆ ಶೇ 4 ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ, ಶೇ 3 ಮಹಿಳಾ ಉದ್ಯಮಿಗಳಿಗೆ. 358 ವಸ್ತುಗಳನ್ನು ಸಣ್ಣವರಿಂದ ಮಾತ್ರ ಕೊಳ್ಳಬೇಕು. ಟೆಂಡರ್ ಅರ್ಜಿ ಉಚಿತ, ಮುಂಗಡ ಠೇವಣಿ ಇಲ್ಲ. ದೊಡ್ಡ ಕಂಪನಿ ಕಡಿಮೆ ದರ ಹಾಕಿ, ನಿಮ್ಮ ದರ ಅದಕ್ಕಿಂತ ಶೇ 15ರೊಳಗೆ ಹೆಚ್ಚಿದ್ದರೆ, ಅದೇ ಕಡಿಮೆ ದರಕ್ಕೆ ಒಪ್ಪಿ ಒಂದು ಪಾಲು ಪೂರೈಸುವ ಅವಕಾಶವೂ ಉಂಟು. ನೆನಪಿರಲಿ, ಇದು ಮಾಲು ತಯಾರಿಸುವವರಿಗೆ ಮತ್ತು ಸೇವೆ ಕೊಡುವವರಿಗೆ. ತಂದು ಮಾರುವ ವ್ಯಾಪಾರಿಗಳಿಗೆ, ರಸ್ತೆ ಕಟ್ಟಡದ ಕಾಮಗಾರಿಗೆ ಅನ್ವಯಿಸುವುದಿಲ್ಲ.

ಮಾರುವ ಜಾಗ ಜೆಮ್ ಎಂಬ ಆನ್‌ಲೈನ್ ಸಂತೆ. 2016ರಲ್ಲಿ ಶುರುವಾಯಿತು. ರಾಜ್ಯದ ಟೆಂಡರ್‌ಗಳು ಕೆಪಿಪಿಪಿ ಜಾಲತಾಣದಲ್ಲಿ ಬರುತ್ತವೆ, ನಡೆಯುವುದು 1999ರ ಪಾರದರ್ಶಕತೆ ಕಾಯ್ದೆಯಂತೆ. ರಾಜ್ಯದ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪಂಗಡಕ್ಕೆ ಶೇ 6.95 ಮೀಸಲು. ಮೊದಲು 50 ಲಕ್ಷ ರೂಪಾಯಿವರೆಗಿನ ಕೆಲಸಕ್ಕೆ ಇದ್ದ ಈ ಮಿತಿ 2023ರಲ್ಲಿ 1 ಕೋಟಿಗೆ ಏರಿತು.

ಸೇನೆಯಿಂದ ನಿವೃತ್ತರಾಗಿ ಬಂದವರಿಗೆ ಬೇರೆ ದಾರಿಯಿದೆ. ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಮಾಜಿ ಸೈನಿಕರ ಭದ್ರತಾ ಏಜೆನ್ಸಿಗಳನ್ನು ಪಟ್ಟಿ ಮಾಡಿಕೊಂಡು, ಸಾರ್ವಜನಿಕ ಉದ್ದಿಮೆಗಳು ಕೇಳಿದಾಗ ಹೆಸರು ಕಳಿಸುತ್ತದೆ. ವಿಚಾರಿಸಲು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಬಹುದು.

ದುಡ್ಡು ಯಾವಾಗ?

ಎಲ್ಲರ ಭಯ ಇದೇ. ಮಾಲು ಕೊಟ್ಟಾಯಿತು, ಬಿಲ್ ಆಗಲಿಲ್ಲ ಅಂದರೆ ಸಣ್ಣವನು ಸಾಲದಲ್ಲಿ ಮುಳುಗುತ್ತಾನೆ. 2006ರ ಎಂಎಸ್‌ಎಂಇ ಕಾಯ್ದೆ ಹೇಳುವುದು ಹೀಗೆ: ಮಾಲು ಒಪ್ಪಿಕೊಂಡ ಮೇಲೆ ಹೆಚ್ಚೆಂದರೆ 45 ದಿನದೊಳಗೆ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಆನ್‌ಲೈನ್‌ನಲ್ಲಿ ದೂರು ಕೊಟ್ಟರೆ ಅದು ರಾಜ್ಯದ ಮಂಡಳಿಯ ಮುಂದೆ ಹೋಗುತ್ತದೆ. ಆದರೆ ಉದ್ಯಮ್ ನೋಂದಣಿ ಆರ್ಡರ್ ಹಿಡಿಯುವ ಮೊದಲೇ ಆಗಿರಲಿ, ಮಾಲು ತಲುಪಿದ್ದಕ್ಕೆ ಸಹಿ ಹಾಕಿದ ಚೀಟಿ ಕೈಯಲ್ಲಿರಲಿ.

ಬೆಂಗೇರಿಯವರಿಂದ ಕಲಿಯುವುದು ಮೂರು ಮಾತು. ಒಬ್ಬರೇ ಹೋಗಬೇಡಿ, ಸಂಘವಾಗಿ ಹೋಗಿ. ಗುಣಮಟ್ಟದ ಕಾಗದ ಮೊದಲು ಮಾಡಿಸಿ, ಶಿಫಾರಸು ಆಮೇಲೆ. ಸರ್ಕಾರಿ ಆರ್ಡರ್ ಬಂದರೂ ಸಂತೆಯ ಗಿರಾಕಿಯನ್ನು ಬಿಡಬೇಡಿ.

ನಾಲ್ಕನೆಯದು ಕೊಳ್ಳುವವರಿಗೆ. ಧ್ವಜ ಸಂಹಿತೆ ಪಾಲಿಯೆಸ್ಟರ್‌ಗೆ ಒಪ್ಪಿಗೆ ಕೊಟ್ಟಿದೆಯೇ ಹೊರತು ಖಾದಿಯನ್ನು ತೆಗೆದುಹಾಕಿಲ್ಲ. ಗ್ರಾಮ ಪಂಚಾಯಿತಿ, ಶಾಲೆ, ಸೊಸೈಟಿ, ಇವೂ ಸರ್ಕಾರಿ ಗಿರಾಕಿಗಳೇ. ಮುಂದಿನ ಆಗಸ್ಟ್ 15ಕ್ಕೆ ನಮ್ಮ ಪಂಚಾಯಿತಿಯ ಕಂಬಕ್ಕೆ ಯಾವ ಬಾವುಟ ಕೊಳ್ಳಬೇಕು ಅನ್ನುವುದನ್ನು ದೆಹಲಿ ತೀರ್ಮಾನಿಸುವುದಿಲ್ಲ. ಗ್ರಾಮಸಭೆಯಲ್ಲಿ ಕೈ ಎತ್ತಿ ನಾವೇ ಕೇಳಬಹುದು.