ಹರಿಗೋಲು, ಲಂಬಾಣಿ ಸೂಜಿ, ಬಾಳೆ ನಾರು: ಒಳ್ಳೆಯ ವಸ್ತು ಅಂದರೆ ಯಾವುದು?

ಕುರ್ಚಿ, ಫ್ಯಾನು, ಮಿಕ್ಸಿ, ಮೊಬೈಲು. ಇವು ಕಾರ್ಖಾನೆಯಲ್ಲಿ ತಯಾರಾಗುವ ಮೊದಲೇ ಅವುಗಳ ಆಕಾರ ಹೇಗಿರಬೇಕು, ಯಾವುದರಿಂದ ಮಾಡಬೇಕು ಅಂತ ಯಾರೋ ಕೂತು ತೀರ್ಮಾನ ಮಾಡಿರುತ್ತಾರೆ. ಅವರನ್ನು ಇಂಡಸ್ಟ್ರಿಯಲ್ ಡಿಸೈನರ್ ಅನ್ನುತ್ತಾರೆ. ಅಂಥವರಲ್ಲೊಬ್ಬರು ವಿಕ್ಟರ್ ಪಾಪನೆಕ್. ಆಸ್ಟ್ರಿಯಾದಲ್ಲಿ ಹುಟ್ಟಿ ಅಮೆರಿಕ ಸೇರಿದವರು. 1971ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ಡಿಸೈನ್ ಫಾರ್ ದ ರಿಯಲ್ ವರ್ಲ್ಡ್’ ಪುಸ್ತಕದಲ್ಲಿ ಅವರು ತಮ್ಮ ವೃತ್ತಿಯವರನ್ನೇ ತರಾಟೆಗೆ ತೆಗೆದುಕೊಂಡರು. ಬೇಡದ್ದನ್ನು ಮಾರಲು, ಬೇಗ ಹಳೆಯದಾಗುವ ಸಾಮಾನು ಮಾಡಲು ಬುದ್ಧಿ ಸುರಿಯುತ್ತೀರಿ, ಬಡವರಿಗೆ ಬೇಕಾದದ್ದನ್ನು ಯಾರು ಮಾಡುತ್ತೀರಿ ಅನ್ನುವುದು ಅವರ ಸಿಟ್ಟು.

ಅವರು ಬರೀ ಬೈದು ಸುಮ್ಮನಾಗಲಿಲ್ಲ. ಒಬ್ಬ ವಿದ್ಯಾರ್ಥಿಯ ಜೊತೆ ಸೇರಿ ಖಾಲಿ ತಗಡಿನ ಡಬ್ಬಿಯಲ್ಲಿ ರೇಡಿಯೋ ಮಾಡಿದರು. ಅದಕ್ಕೆ ಕರೆಂಟು, ಬ್ಯಾಟರಿ ಬೇಕಿರಲಿಲ್ಲ. ಮೇಣ ಉರಿಸಿದರೂ ಸರಿ, ಒಣಗಿದ ಸಗಣಿ ಉರಿಸಿದರೂ ಸರಿ, ಆ ಬಿಸಿಗೆ ನಡೆಯುತ್ತಿತ್ತು. ಕಲಿತ ಡಿಸೈನರ್‌ಗಳು ನೋಡಿ ಇದು ಕುರೂಪ ಅಂದರು. ಅದಕ್ಕೆ ಬಣ್ಣ ಬಳಿಯಲು ನಾನ್ಯಾರು ಅಂತ ಪಾಪನೆಕ್ ಹಾಗೇ ಬಿಟ್ಟರು. ಇಂಡೋನೇಷ್ಯಾದಲ್ಲಿ ಅದನ್ನು ಬಳಸಿದ ಜನ ಬಟ್ಟೆ, ಗಾಜಿನ ಚೂರು, ಚಿಪ್ಪು ಅಂಟಿಸಿ ತಮ್ಮದಾಗಿ ಮಾಡಿಕೊಂಡರು.

ನಮ್ಮ ದೇಶದಲ್ಲೂ ಈ ಚರ್ಚೆ ಹಳೆಯದು. 1958ರಲ್ಲಿ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ಭಾರತ ಸರ್ಕಾರಕ್ಕೆ ಒಂದು ವರದಿ ಕೊಟ್ಟರು. ಅದರಲ್ಲಿ ಅವರು ಹೊಗಳಿದ್ದು ಯಾವ ಯಂತ್ರವನ್ನೂ ಅಲ್ಲ, ನಮ್ಮ ಮನೆಯ ತಂಬಿಗೆಯನ್ನು. ಹಿಡಿಯುವ ಕೈ, ಹೊರುವ ಸೊಂಟ, ಸುರಿಯುವ ಬಾಯಿ, ಬೆಲೆ, ಹಳೆಯದಾದ ಮೇಲೆ ಲೋಹದ ಗತಿ, ಎಲ್ಲವನ್ನೂ ಯೋಚಿಸಿದ ವಸ್ತು ಅದು ಅಂದರು. ಆ ವರದಿಯ ನಂತರ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಶುರುವಾಯಿತು.

ಇವರೆಲ್ಲರ ಮಾತನ್ನು ಒಟ್ಟು ಮಾಡಿದರೆ ಮೂರು ಪ್ರಶ್ನೆ ಉಳಿಯುತ್ತವೆ. ವಸ್ತುವಿನ ಸಾಮಗ್ರಿ ಎಲ್ಲಿಂದ ಬಂತು? ಮಾಡಿದ ಕೈಗೆ ಎಷ್ಟು ಸಿಕ್ಕಿತು? ಕೆಟ್ಟ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಈ ಪ್ರಶ್ನೆಗಳನ್ನು ನಮ್ಮೂರಿನ ಮೂರು ವಸ್ತುಗಳಿಗೆ ಕೇಳಿ ನೋಡೋಣ.

ಹಂಪಿಯ ಹರಿಗೋಲು

1520ರ ಸುಮಾರಿಗೆ, ಕೃಷ್ಣದೇವರಾಯನ ಕಾಲದಲ್ಲಿ, ಪೋರ್ಚುಗಲ್‌ನ ಡೊಮಿಂಗೊ ಪಾಯಸ್ ವಿಜಯನಗರಕ್ಕೆ ಬಂದಿದ್ದ. ಆನೆಗುಂದಿಗೆ ಹೊಳೆ ದಾಟುವ ಬುಟ್ಟಿಯಂಥ ದುಂಡು ದೋಣಿಗಳ ಬಗ್ಗೆ ಬರೆದಿಟ್ಟಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಕೂರಬಹುದು, ಬೇಕಾದರೆ ಕುದುರೆ, ಎತ್ತನ್ನೂ ದಾಟಿಸಬಹುದು. ನೇರ ಹೋಗದೆ ತಿರುಗುತ್ತಲೇ ಸಾಗುತ್ತವೆ ಅಂತಲೂ ಹೇಳಿದ್ದಾನೆ. ಐನೂರು ವರ್ಷವಾದರೂ ಆಕಾರ ಬದಲಾಗಿಲ್ಲ. ತಳ ಅಗಲ, ನೀರಿನಲ್ಲಿ ಮುಳುಗುವುದು ಕಡಿಮೆ. ಹಾಗಾಗಿ ಬಂಡೆಗಳ ನಡುವಿನ ತುಂಗಭದ್ರೆಗೆ ಅದು ಸರಿಯಾಗಿ ಹೊಂದುತ್ತದೆ. ಹರಿದ ಕಡೆ ತೇಪೆ ಹಾಕಬಹುದು.

ಬದಲಾಗಿದ್ದು ಹೊದಿಕೆ. ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿದೆ. ಬಿದಿರು ಮಣ್ಣಿಗೆ ಸೇರುತ್ತದೆ, ಪ್ಲಾಸ್ಟಿಕ್ ಸೇರುವುದಿಲ್ಲ. ಹಳೆಯದು ಅನ್ನುವ ಒಂದೇ ಕಾರಣಕ್ಕೆ ಮೂರನೇ ಪ್ರಶ್ನೆಯಿಂದ ಹರಿಗೋಲಿಗೂ ವಿನಾಯಿತಿ ಇಲ್ಲ.

ಸಂಡೂರಿನ ಸೂಜಿ

ಲಂಬಾಣಿಗರು ಹಿಂದೆ ಎತ್ತಿನ ಮೇಲೆ ಉಪ್ಪು, ಧಾನ್ಯ ಹೇರಿಕೊಂಡು ಊರೂರು ತಿರುಗುತ್ತಿದ್ದ ವ್ಯಾಪಾರಿಗಳು. ಬ್ರಿಟಿಷರ ಕಾಲದಲ್ಲಿ ರೈಲು, ರಸ್ತೆ ಬಂದಂತೆ ಆ ಕಸುಬು ಕುಸಿದು, ತಾಂಡಾಗಳಲ್ಲಿ ನೆಲೆಯಾದರು. ಹೆಣ್ಣುಮಕ್ಕಳ ಕೈಯಲ್ಲಿ ಕಸೂತಿ ಉಳಿಯಿತು. ಬಟ್ಟೆ ತುಂಡುಗಳನ್ನು ಜೋಡಿಸಿ, ಕನ್ನಡಿ, ಕವಡೆ, ನಾಣ್ಯ ಕೂಡಿಸಿ ಹೊಲಿದ ಫೇಟಿಯಾ, ಕಾಂಚಳಿ. ಏನನ್ನೂ ಬಿಸಾಡದ ಕೆಲಸ ಅದು.

1980ರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಶುರುವಾದ ಮೇಲೆ ಈ ಕೆಲಸ ಮನೆಬಳಕೆ ದಾಟಿ ಮಾರುಕಟ್ಟೆ ಸೇರಿತು. 2010ರಲ್ಲಿ ‘ಸಂಡೂರು ಲಂಬಾಣಿ ಕಸೂತಿ’ಗೆ ಜಿಐ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಮಾಡಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.

ಆದರೆ ಒಂದು ಮಾತು ನೆನಪಿರಲಿ. ಜಿಐ ಹೆಸರನ್ನು ಕಾಯುತ್ತದೆ, ಕೂಲಿಯನ್ನು ಏರಿಸುವುದಿಲ್ಲ. ಕಾನೂನಿನ ಪ್ರಕಾರ ಆ ನೋಂದಣಿಯನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಹೆಸರಿನಲ್ಲಿ ಮಾರಲು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬೇಕು. ತಾಂಡಾದಲ್ಲಿ ಕಣ್ಣು ಕಿರಿದು ಮಾಡಿ ಹೊಲಿಯುವ ಅಕ್ಕನಿಗೆ ಈ ಮಾತು ಮುಟ್ಟದಿದ್ದರೆ ಲಾಭ ಬೇರೆಯವರ ಜೇಬಿಗೆ. ಎರಡನೇ ಪ್ರಶ್ನೆ ಗಟ್ಟಿಯಾಗಿ ಕೇಳಬೇಕಾದ್ದು ಇಲ್ಲೇ.

ಹೊಳೆ ದಂಡೆಯ ಬಾಳೆ

ಹೊಸಪೇಟೆ, ಕಂಪ್ಲಿ, ಆನೆಗುಂದಿ ಕಡೆಯ ರೈತರಿಗೆ ಹೊಸದಾಗಿ ಹೇಳಬೇಕಿಲ್ಲ, ಬಾಳೆ ಗಿಡ ಗೊನೆ ಕೊಡುವುದು ಒಂದೇ ಸಲ. ಗೊನೆ ಕಡಿದ ಮೇಲೆ ಗಿಡ ತಿಪ್ಪೆಗೆ. ಅದರ ನಾರನ್ನು ನಾವು ಬಹಳ ಕಾಲದಿಂದ ಬಳಸಿದ್ದು ಹೂ ಕಟ್ಟಲು. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಅನ್ನುವ ಗಾದೆ ಸುಮ್ಮನೆ ಹುಟ್ಟಿಲ್ಲ.

ಆನೆಗುಂದಿಯಲ್ಲಿ 1997ರಲ್ಲಿ ಶಮಾ ಪವಾರ್ ಕಟ್ಟಿದ ಕಿಷ್ಕಿಂಧಾ ಟ್ರಸ್ಟ್ ಈ ನಾರನ್ನೇ ಕಸುಬು ಮಾಡಿತು. ಪಟ್ಟೆ ಸೀಳಿ, ಒಣಗಿಸಿ, ಹೊಸೆದು, ಹೆಣೆದರೆ ಬುಟ್ಟಿ, ಚೀಲ, ಟೋಪಿ, ಚಾಪೆ. ಊರಿನ ಹೆಣ್ಣುಮಕ್ಕಳಿಗೆ ಅದರಿಂದ ದುಡಿಮೆ. ಸಾಮಗ್ರಿ ಪಕ್ಕದ ತೋಟದ್ದು, ಹಳೆಯದಾದರೆ ಗೊಬ್ಬರ. ಮೊದಲ ಮತ್ತು ಮೂರನೇ ಪ್ರಶ್ನೆಗೆ ಇದಕ್ಕಿಂತ ನೇರ ಉತ್ತರ ಸಿಗುವುದು ಕಷ್ಟ. ಎರಡನೆಯದಕ್ಕೆ ಉತ್ತರ ಕೊಳ್ಳುವವರ ಕೈಯಲ್ಲೂ ಇದೆ. ದಿನವಿಡೀ ಹೆಣೆದ ಬುಟ್ಟಿಯನ್ನು ಪ್ಲಾಸ್ಟಿಕ್ ಬುಟ್ಟಿಯ ಬೆಲೆಗೆ ಚೌಕಾಸಿ ಮಾಡಿದರೆ ಹೆಣೆಯುವವರು ನಾಳೆ ಬೇರೆ ಕೂಲಿ ಹುಡುಕುತ್ತಾರೆ.

ಪಾಪನೆಕ್ 1998ರಲ್ಲಿ ತೀರಿಕೊಂಡರು. ಅವರು ಹುಡುಕಿದ ಉತ್ತರದ ಚೂರುಗಳು ನಮ್ಮ ಹೊಳೆ ದಂಡೆಯಲ್ಲಿ, ತಾಂಡಾಗಳಲ್ಲಿ ಇವೆ. ನಾಳೆ ಜಾತ್ರೆಯಲ್ಲೋ ಸಂತೆಯಲ್ಲೋ ಒಂದು ಚೀಲ ಕೊಳ್ಳುವಾಗ ಬೆಲೆ ಕೇಳುವ ಮೊದಲು ಇದನ್ನು ಯಾರು ಮಾಡಿದ್ದು ಅಂತ ಕೇಳಿ. ಅಂಗಡಿಯವರು ಊರಿನ ಹೆಸರು ಹೇಳಿದರೆ ಕೊಳ್ಳಿ. ಹೇಳಲಾಗದಿದ್ದರೆ ಇನ್ನೊಂದು ಅಂಗಡಿ ನೋಡಿ.