ಬೈಗುಳ ಬಿರುದಾದ ಬಗೆ

ಹಗರಣಗಳನ್ನು ಕೆದಕಿ ವಿವಾದ ಎಬ್ಬಿಸುವ ಪತ್ರಕರ್ತರನ್ನು ಇಂಗ್ಲಿಷಿನಲ್ಲಿ ‘ಮಕ್‌ರೇಕರ್’ ಎನ್ನುವುದುಂಟು. ‘ಮಕ್’ ಎಂದರೆ ಗೊಬ್ಬರ, ಹೊಲಸು. ‘ರೇಕ್’ ಎಂದರೆ ಅದನ್ನು ಕೆದರಿ ಒಟ್ಟುಮಾಡುವ, ಹಲ್ಲುಗಳುಳ್ಳ ಕೋಲು.

ಪದದ ಮೂಲ ಜಾನ್ ಬನಿಯನ್‌ನ ‘ಪಿಲ್‌ಗ್ರಿಮ್ಸ್ ಪ್ರೋಗ್ರೆಸ್’ ಕೃತಿಯ ಎರಡನೆಯ ಭಾಗದಲ್ಲಿದೆ (1684). ಅಲ್ಲೊಬ್ಬ ಕಸಕಡ್ಡಿ ಗೋರುತ್ತಿರುತ್ತಾನೆ. ಆ ಕೋಲಿಗೆ ಬದಲಾಗಿ ದಿವ್ಯ ಕಿರೀಟವನ್ನೇ ಕೊಡುತ್ತೇನೆಂದರೂ ಆತ ಕತ್ತೆತ್ತಿ ನೋಡುವುದಿಲ್ಲ. ಬನಿಯನ್‌ಗೆ ಆತ ಲೌಕಿಕ ಆಸೆಯ ಸಂಕೇತ.

1906ರ ಏಪ್ರಿಲ್ 14ರಂದು ಅಮೆರಿಕದ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಈ ಚಿತ್ರವನ್ನು ಪತ್ರಕರ್ತರತ್ತ ತಿರುಗಿಸಿದರು. ಹೊಲಸನ್ನು ತೋರಿಸುವುದು ಅಗತ್ಯವೇ. ಆದರೆ ಹೊಲಸಲ್ಲದೆ ಬೇರೇನನ್ನೂ ಕಾಣದವನು ಸಮಾಜಕ್ಕೆ ಕೇಡು ಎಂಬುದು ಅವರ ವಾದ. ಸೆನೆಟಿನ ಭ್ರಷ್ಟಾಚಾರ ಕುರಿತ ಡೇವಿಡ್ ಗ್ರಹಾಂ ಫಿಲಿಪ್ಸ್ ಅವರ ಲೇಖನಮಾಲೆ ಆಗಷ್ಟೇ ಕೋಲಾಹಲ ಎಬ್ಬಿಸಿತ್ತು.

ಬೈಗುಳವನ್ನು ಹಲವರು ಬಿರುದೆಂದೇ ಧರಿಸಿದರು. ಅದಕ್ಕೆ ಕಾರಣವೂ ಇತ್ತು. ಅಪ್ಟನ್ ಸಿಂಕ್ಲೇರ್ ಅವರ ‘ದಿ ಜಂಗಲ್’ ಕಾದಂಬರಿ ಮಾಂಸ ಕಾರ್ಖಾನೆಗಳ ಕೊಳಕನ್ನು ಬಯಲು ಮಾಡಿದಾಗ ಜನ ರೊಚ್ಚಿಗೆದ್ದರು. ಅದೇ ವರ್ಷದ ಜೂನ್ 30ರಂದು ಆಹಾರ ಶುದ್ಧತೆಯ ಕಾಯಿದೆಗೆ ಸಹಿ ಹಾಕಿದವರು ಇದೇ ರೂಸ್‌ವೆಲ್ಟ್! ಐಡಾ ಟಾರ್ಬೆಲ್ 1902ರಿಂದ ಬಯಲಿಗೆಳೆಯುತ್ತ ಬಂದ ಸ್ಟ್ಯಾಂಡರ್ಡ್ ಆಯಿಲ್ ಕಂಪೆನಿಯನ್ನು 1911ರಲ್ಲಿ ಸುಪ್ರೀಂ ಕೋರ್ಟು ಒಡೆಯಿತು.

ಕೆಸರೆರಚುವುದು ಬೇರೆ, ಕೆಸರು ಕೆದಕುವುದು ಬೇರೆ. ಎರಚುವವನು ಇಲ್ಲದ ಕಡೆ ಕೊಳೆ ಮೆತ್ತುತ್ತಾನೆ. ಕೆದಕುವವನು ಮುಚ್ಚಿಟ್ಟ ಕೊಳೆಯನ್ನು ತೋರಿಸುತ್ತಾನೆ.